ರಾಯಗಡದ ರೋಪ್‌ವೇ: ಹಿರಿಯರ ಜತೆ ಬೆಳಗಾವಿಯಿಂದ ಹೋಗಿಬರುವ ಲೆಕ್ಕ

ಮಹಾರಾಷ್ಟ್ರದ ಮಹಾಡ ಊರಿನ ಬಳಿ ಶಿವಾಜಿ ಮಹಾರಾಜರ ರಾಯಗಡ ಕೋಟೆಗೆ ಹತ್ತುವ ರೋಪ್‌ವೇಯಲ್ಲಿ ಕೂತಿರುವುದು ನಾಲ್ಕೈದು ನಿಮಿಷ. ಅದಕ್ಕಾಗಿ ಬೆಳಗಾವಿಯಿಂದ ಮೂರು ದಿನ ತೆಗೆದಿಡಬೇಕು. ಮೊಣಕಾಲು ನೋವು, ಬಿಪಿ, ಸಕ್ಕರೆ ಕಾಯಿಲೆ ಇರುವ ಹಿರಿಯರ ಗುಂಪನ್ನು ಕರೆದೊಯ್ಯುವಾಗ ನಾನು ಲೆಕ್ಕ ಹಾಕುವುದು ಇಳಿಯುವ ಹೊತ್ತಿನಿಂದ ಹಿಂದಕ್ಕೆ. ಮಧ್ಯಾಹ್ನ ಒಂದರ ಸುಮಾರಿಗೆ ಎಲ್ಲರೂ ಕೆಳಗಿರಬೇಕು ಎಂದು ಮೊದಲು ಗೊತ್ತುಮಾಡುತ್ತೇನೆ. ಹತ್ತುವುದು ಎಷ್ಟಕ್ಕೆ, ಹಿಂದಿನ ರಾತ್ರಿ ಎಲ್ಲಿ ಮಲಗಬೇಕು, ಬೆಳಗಾವಿ ಬಿಡುವುದು ಎಷ್ಟಕ್ಕೆ ಎಂಬುದೆಲ್ಲ ಅದರ ಮೇಲೆ ನಿಂತಿದೆ. ಮಧ್ಯಾಹ್ನದ ನಂತರ ಮೇಲಿರುವವರೆಲ್ಲ ಒಮ್ಮೆಗೇ ಇಳಿಯಲು ಬರುತ್ತಾರೆ, ಗಾಳಿಯೂ ಏಳುತ್ತದೆ. ಮುಂಜಾನೆಯ ಪಾಳಿಯಲ್ಲಿ, ಅಂದರೆ ಸಾಲಿನಲ್ಲಿ, ತಾಜಾ ಇರುವ ಹಿರಿಯರು ಸಂಜೆಯ ಪಾಳಿಯಲ್ಲಿ ನಿಲ್ಲಲಾರರು.

ಮೊದಲು ತಿಥಿ ನೋಡಬೇಕು. ಜೂನ್ 6 ಮತ್ತು ಜ್ಯೇಷ್ಠ ಶುದ್ಧ ತ್ರಯೋದಶಿ ಎರಡೂ ಶಿವಾಜಿ ಮಹಾರಾಜರ ಪಟ್ಟಾಭಿಷೇಕದ ದಿನಗಳು. ಒಂದು ಇಂಗ್ಲಿಷ್ ತಾರೀಖಿನಂತೆ, ಇನ್ನೊಂದು ಪಂಚಾಂಗದಂತೆ. ಎರಡೂ ದಿನ ಗಡದ ಮೇಲೆ ಕಾಲಿಡಲು ಜಾಗವಿರುವುದಿಲ್ಲ. ಫೆಬ್ರುವರಿ 19 ಶಿವಜಯಂತಿ, ಚೈತ್ರ ಹುಣ್ಣಿಮೆಯ ಹನುಮ ಜಯಂತಿಯ ದಿನವೇ ಮಹಾರಾಜರ ಪುಣ್ಯತಿಥಿ. ಹೊರಗಿನವರು ಮರೆಯುವ ದಿನ ಮಾರ್ಚ್ 20. ಡಾ. ಅಂಬೇಡ್ಕರ್ 1927ರಲ್ಲಿ ಮಹಾಡದ ಚವದಾರ ಕೆರೆಯ ಸತ್ಯಾಗ್ರಹ ಮಾಡಿದ ದಿನವದು; ಆ ಹೊತ್ತಿಗೆ ಮಹಾಡದಲ್ಲಿ ರೂಮು ಸಿಗುವುದು ಕಷ್ಟ. ಜೂನ್ ನಡುವಿನಿಂದ ಸೆಪ್ಟೆಂಬರ್ ವರೆಗೆ ಹಿರಿಯರನ್ನು ನಾನು ಕರೆದೊಯ್ಯುವುದಿಲ್ಲ. ಮಂಜು ಮುಚ್ಚಿ ಏನೂ ಕಾಣುವುದಿಲ್ಲ ಎಂಬುದು ಸಣ್ಣ ಕಾರಣ. ಘಾಟಿನಲ್ಲಿ ಗುಡ್ಡ ಕುಸಿಯುವುದು ದೊಡ್ಡ ಕಾರಣ. 2021ರ ಜುಲೈನಲ್ಲಿ ತಳಿಯೆ ಊರಿನ ಮೇಲೆ ಗುಡ್ಡ ಕುಸಿದದ್ದು ಇದೇ ಮಹಾಡ ತಾಲೂಕಿನಲ್ಲಿ. ಏಪ್ರಿಲ್, ಮೇ ತಿಂಗಳಲ್ಲಿ ಗಡದ ಮೇಲೆ ನೆರಳಿಲ್ಲ, ಗುಡುಗಿನ ಮೋಡ ಕಂಡರೆ ರೋಪ್‌ವೇ ನಿಲ್ಲುತ್ತದೆ. ನವೆಂಬರಿನಿಂದ ಫೆಬ್ರುವರಿವರೆಗಿನ ಮಂಗಳವಾರ, ಬುಧವಾರ ನನಗೆ ಒಗ್ಗಿದ ದಿನಗಳು. ರಿಪೇರಿಗೆಂದು ರೋಪ್‌ವೇಯನ್ನು ಆಗಾಗ ಮುಚ್ಚುತ್ತಾರೆ. ವಾರ ಮುಂಚೆ ಒಮ್ಮೆ, ಹಿಂದಿನ ಸಂಜೆ ಇನ್ನೊಮ್ಮೆ ಫೋನ್ ಮಾಡಿ ಕೇಳಲೇಬೇಕು.

ದಾರಿ ನಿಪ್ಪಾಣಿ, ಕೊಲ್ಹಾಪುರ, ಕರಾಡ, ಸಾತಾರಾ. ಅಲ್ಲಿಂದ ಮುಂದೆ ಸುರೂರ ಫಾಟಾದಲ್ಲಿ ಎಡಕ್ಕೆ ಹೊರಳಿ ವಾಯಿ, ಪಾಚಗಣಿ, ಮಹಾಬಳೇಶ್ವರ. ನಂತರ ಅಂಬೇನಳಿ ಘಾಟು ಇಳಿದರೆ ಪೋಲಾದಪುರ, ಮಹಾಡ. ಮಹಾಡದವರೆಗೆ ಸುಮಾರು 370 ಕಿ.ಮೀ. ಮುಂಜಾನೆ ಐದೂವರೆಗೆ ಬಿಟ್ಟರೆ ಊಟ, ಚಹಾ ಸೇರಿ ಸಂಜೆ ನಾಲ್ಕೂವರೆ, ಐದು. ಕಾಗಲ–ಸಾತಾರಾ ನಡುವೆ ಹೆದ್ದಾರಿ ಕಾಮಗಾರಿ ಸಿಕ್ಕರೆ ಇನ್ನೊಂದು ತಾಸು. ಹಳದಿ ಬೋರ್ಡಿನ ಗಾಡಿಯನ್ನೇ ಮಾಡಿ. ಮಹಾರಾಷ್ಟ್ರದ ಪರ್ಮಿಟ್ ಮತ್ತು ತೆರಿಗೆ ಕಟ್ಟಿದ ಕಾಗದವನ್ನು ಹೊರಡುವ ಹಿಂದಿನ ದಿನ ಕಣ್ಣಾರೆ ನೋಡಿ. ರಾಜ್ಯದ ಗಡಿಯ ಕೊಗನೊಳ್ಳಿ ದಾಟಿದ ಮೇಲೆ ತಪಾಸಣೆಯಲ್ಲಿ ಸಿಕ್ಕರೆ ಎರಡು ತಾಸು ಅಲ್ಲೇ ಹೋಗುತ್ತದೆ. ವಾಂತಿಯಾಗುವವರು ಗುಳಿಗೆಯನ್ನು ವಾಯಿ ಆಚೆಯ ಪಸರಣಿ ಘಾಟು ಶುರುವಾಗುವ ಮುಕ್ಕಾಲು ತಾಸು ಮೊದಲೇ, ಅಂದರೆ ಸಾತಾರಾದಲ್ಲೇ ತಗೊಳ್ಳಬೇಕು. ತಿರುವಿನಲ್ಲಿ ಹೊಟ್ಟೆ ತೊಳಸಿದ ಮೇಲೆ ನುಂಗಿದರೆ ಅದು ಕೆಲಸ ಮಾಡುವುದಿಲ್ಲ. ಪ್ರತಾಪಗಡ ಕೋಟೆ ದಾರಿಯಲ್ಲೇ ಸಿಗುತ್ತದೆ, ಆದರೆ ಮೊದಲ ದಿನ ಹತ್ತಿಸಬೇಡಿ. ಮರುದಿನದ ಕಾಲು ಅಲ್ಲೇ ಖರ್ಚಾಗುತ್ತದೆ.

ಮಹಾಡದಿಂದ ಗಡದ ಬುಡಕ್ಕೆ ಸುಮಾರು 25 ಕಿ.ಮೀ., ಮುಕ್ಕಾಲರಿಂದ ಒಂದು ತಾಸಿನ ದಾರಿ. ರೋಪ್‌ವೇ ಇರುವುದು ಹಿರಕಣಿವಾಡಿಯಲ್ಲಿ. ಮೆಟ್ಟಿಲು ದಾರಿ ಶುರುವಾಗುವುದು ಚಿತ್ ದರವಾಜಾದಿಂದ, ಅದು ಬೇರೆ ಜಾಗ. ಇದನ್ನು ಡ್ರೈವರ್‌ಗೆ ಸರಿಯಾಗಿ ತಿಳಿಸಿ ಹೇಳಬೇಕು. ಗಾಳಿಗೆ ರೋಪ್‌ವೇ ನಿಂತು ಗುಂಪಿನ ಕೆಲವರು ನಡೆದು ಇಳಿಯಬೇಕಾಗಿ ಬಂದರೆ ಗಾಡಿ ಒಂದು ಕಡೆ, ಜನ ಇನ್ನೊಂದು ಕಡೆ ಆಗುತ್ತಾರೆ.

1996ರ ಏಪ್ರಿಲ್‌ನಲ್ಲಿ ಶುರುವಾದ ಈ ರೋಪ್‌ವೇಯ ಉದ್ದ ಸುಮಾರು 760 ಮೀಟರ್, ಏರುವ ಎತ್ತರ ಸುಮಾರು 420 ಮೀಟರ್. ನಮ್ಮ ಗೋಲಗುಮ್ಮಟವನ್ನು ಎಂಟು ಸಲ ಒಂದರ ಮೇಲೊಂದು ಇಟ್ಟಷ್ಟು. ಇದು ಗುಲ್ಮರ್ಗದ ಗಂಡೋಲಾದಂತೆ ನಿಲ್ಲದೆ ಸುತ್ತುವ ವ್ಯವಸ್ಥೆಯಲ್ಲ. ಬಾವಿಯ ಗಡಗಡೆಗೆ ಎರಡೂ ತುದಿಯಲ್ಲಿ ಕೊಡ ಕಟ್ಟಿದಂತೆ, ಒಂದು ಕಡೆಯ ಟ್ರಾಲಿ ಏರುವಾಗ ಇನ್ನೊಂದು ಕಡೆಯದು ಇಳಿಯುತ್ತದೆ. ಇದು ಅರ್ಥವಾದರೆ ಎರಡು ವಿಷಯ ತಾವೇ ಬಿಡಿಸಿಕೊಳ್ಳುತ್ತವೆ.

ಒಂದು, ಪಾಳಿಯ ಲೆಕ್ಕ. ಗೇಟಿನ ಬಳಿ ಹತ್ತು ನಿಮಿಷ ನಿಂತು ಒಂದು ಸರದಿಗೆ ಎಷ್ಟು ಜನ ಹತ್ತಿದರು, ಮುಂದಿನ ಸರದಿ ಎಷ್ಟು ನಿಮಿಷಕ್ಕೆ ಬಂತು ಎಂದು ಎಣಿಸಿ. ಉದಾಹರಣೆಗೆ ಹತ್ತು ನಿಮಿಷಕ್ಕೆ ಒಂದು ಸರದಿ, ಸರದಿಗೆ 12 ಜನ ಎಂದಾದರೆ ತಾಸಿಗೆ 72 ಜನ. ಮುಂದೆ 150 ಜನ ಇದ್ದರೆ ಎರಡು ತಾಸು. ಕೌಂಟರಿನಲ್ಲಿ ‘ಈಗಲೇ ಆಗುತ್ತೆ’ ಎಂದರೂ ಈ ಎಣಿಕೆಯನ್ನೇ ನಂಬಿ. ಹಿರಿಯರನ್ನು ಅಲ್ಲಿವರೆಗೆ ನೆರಳಿನಲ್ಲಿ ಕೂಡಿಸಿ, ಕಾಲು ಗಟ್ಟಿ ಇದ್ದವರೊಬ್ಬರು ಪಾಳಿಯಲ್ಲಿ ನಿಲ್ಲಬೇಕು. ಬೆಳಿಗ್ಗೆ ರೋಪ್‌ವೇ ಶುರುವಾಗುವ ಅರ್ಧ ತಾಸು ಮೊದಲು ಮುಟ್ಟಿದರೆ ಈ ತಾಪತ್ರಯವೇ ಇರುವುದಿಲ್ಲ. ಅದಕ್ಕೇ ಮಹಾಡದಲ್ಲಿ ಅಥವಾ ಗಡದ ಬುಡದ ಪಾಚಾಡ ಊರಿನಲ್ಲಿ ಮಲಗುವುದು. ಮಹಾಬಳೇಶ್ವರದಲ್ಲಿ ಉಳಿದು ಬೆಳಿಗ್ಗೆ ಹೊರಟರಾಯಿತು ಎಂದುಕೊಂಡವರು ಘಾಟು ಇಳಿದು ಬರುವ ಹೊತ್ತಿಗೆ ಹನ್ನೊಂದಾಗಿರುತ್ತದೆ.

ಎರಡು, ನಡುದಾರಿಯಲ್ಲಿ ನಿಲ್ಲುವುದು. ಕೆಳಗೆ ಬಾಗಿಲು ಹಾಕಲು ತಡವಾದರೆ, ಗಾಳಿ ಬೀಸಿದರೆ, ಕರೆಂಟು ಹೋಗಿ ಜನರೇಟರ್ ಹಿಡಿಯುವವರೆಗೆ, ಎರಡೂ ಕಡೆಯ ಟ್ರಾಲಿ ಒಟ್ಟಿಗೇ ನಿಲ್ಲುತ್ತವೆ. ನಿಂತಾಗ ತೂಗಾಡುತ್ತವೆ. ಮೊದಲೇ ಹೇಳಿರದಿದ್ದರೆ ವಯಸ್ಸಾದವರು ಗಾಬರಿಯಾಗಿ ಎದ್ದು ನಿಲ್ಲಲು ನೋಡುತ್ತಾರೆ, ಆಗ ತೂಗಾಟ ಹೆಚ್ಚುತ್ತದೆ. ಹತ್ತಿಸುವ ಮುಂಚೆ ನಾನು ಹೇಳುವುದು ಇಷ್ಟೇ: ‘ಅವ್ವಾರ, ನಡುವ ಒಮ್ಮೆ ನಿಂತರ ಅಂಜಬ್ಯಾಡ್ರಿ. ಮ್ಯಾಲಿಂದ ಇಳಿಯೋ ಟ್ರಾಲಿನೂ ಅಲ್ಲೇ ನಿಂತಿರತೈತಿ. ಕುಂತಲ್ಲೇ ಕುಂದರ್ರಿ.’ ಎತ್ತರದ ಅಂಜಿಕೆ ಇದ್ದವರನ್ನು ಗುಡ್ಡದ ಕಡೆ ಮುಖ ಮಾಡಿ ಕೂಡಿಸಿ. ಕಣಿವೆ ಬೆನ್ನಿಗಿರಲಿ, ಕಣ್ಣಿನ ಮುಂದೆ ಕರಿಬಂಡೆ ಇರಲಿ. ಕಿವಿ ಕಟ್ಟುವುದಕ್ಕೆ ಪೆಪ್ಪರ್‌ಮಿಂಟ್ ಚೀಪಿದರೆ ಸಾಕು, ನುಂಗುವಾಗ ಕಿವಿ ಬಿಡುತ್ತದೆ. ಭಾರ ಸರಿದೂಗಿಸಲು ಸಿಬ್ಬಂದಿ ಗುಂಪನ್ನು ಒಡೆದು ಬೇರೆ ಬೇರೆ ಟ್ರಾಲಿಗೆ ಹಂಚಬಹುದು. ಅದಕ್ಕೆ ಬೇಸರ ಬೇಡ. ಪಾಳಿಯಲ್ಲಿ ನಿಲ್ಲುವಾಗಲೇ ಪ್ರತಿ ಇಬ್ಬರು ಹಿರಿಯರಿಗೆ ಒಬ್ಬ ಗಟ್ಟಿಮುಟ್ಟಾದವರನ್ನು ಜೋಡಿಸಿಟ್ಟರೆ ಆಯಿತು. ಬಿಪಿ, ಸಕ್ಕರೆ ಗುಳಿಗೆಗಳು ಅವರವರ ಕಿಸೆಯಲ್ಲೇ ಇರಲಿ, ಯಾರದೋ ಚೀಲದಲ್ಲಿ ಒಟ್ಟುಗೂಡಿಸಬೇಡಿ. ಒಂದು ಟ್ರಾಲಿ ಮೇಲೆ, ಚೀಲ ಕೆಳಗೆ ಎಂಬಂತಾದರೆ ಕಷ್ಟ.

ಮೇಲೆ ಇಳಿಯುವುದು ಮೇಣಾ ದರವಾಜಾದ ಕಡೆ. ರೋಪ್‌ವೇ ಎಂದ ಮಾತ್ರಕ್ಕೆ ನಡಿಗೆ ಇಲ್ಲ ಎಂದು ತಿಳಿಯುವುದೇ ಎಲ್ಲರೂ ಮಾಡುವ ತಪ್ಪು. ಕೋಟೆಯೊಳಗೆ ಮೆಟ್ಟಿಲು, ಒರಟು ಕಲ್ಲಿನ ಹಾಸು, ಬಿಸಿಲು ಎಲ್ಲವೂ ಇವೆ. ಕೋಟೆ ಪ್ರವೇಶದ ಟಿಕೆಟ್ಟೂ ಬೇರೆ. ಬದಾಮಿಯ ಗುಹೆಗಳ ಮೆಟ್ಟಿಲನ್ನು ಎರಡು ಸಲ ನಿಂತು ಹತ್ತಬಲ್ಲವರು ರಾಣಿವಾಸ, ಅರಮನೆಯ ಅಡಿಪಾಯ, ರಾಜಸಭೆಯವರೆಗೆ ಆರಾಮಾಗಿ ಬರುತ್ತಾರೆ. ಅಲ್ಲಿಂದ ಹೋಳಿ ಬಯಲು, ಬಾಜಾರಪೇಟೆ ದಾಟಿ ಜಗದೀಶ್ವರ ಗುಡಿ ಮತ್ತು ಶಿವಾಜಿ ಮಹಾರಾಜರ ಸಮಾಧಿಗೆ ಹೋಗಿಬರಲು ನಿಧಾನ ನಡಿಗೆಯಲ್ಲಿ ಒಂದೂವರೆ ತಾಸು ಹಿಡಿಯಿರಿ. ಕಡಿದಾದ ಬಂಡೆಯ ತುದಿ ಟಕಮಕ ಟೋಕ್ ಹಿರಿಯರಿಗೆ ಬೇಡ. ಅಂಚಿನಲ್ಲಿ ಗಾಳಿ ಜೋರು.

ನನ್ನ ಪ್ರಕಾರ ರಾಜಸಭೆಗೆ ಅರ್ಧ ತಾಸು ಮೀಸಲಿಡಲೇಬೇಕು. 1674ರಲ್ಲಿ ಪಟ್ಟಾಭಿಷೇಕ ನಡೆದ ಸಿಂಹಾಸನದ ಜಾಗಕ್ಕೂ ಎದುರಿನ ನಗಾರಖಾನೆಗೂ ಸುಮಾರು 200 ಅಡಿ ದೂರ. ಒಬ್ಬರು ನಗಾರಖಾನೆಯ ಬಾಗಿಲಲ್ಲಿ ನಿಂತು ಕಾಗದ ಹರಿದರೆ, ಬೆಂಕಿಕಡ್ಡಿ ಗೀರಿದರೆ, ಇನ್ನೊಬ್ಬರಿಗೆ ಸಿಂಹಾಸನದ ಬಳಿ ಕೇಳುತ್ತದೆ. ಗೋಲಗುಮ್ಮಟದಲ್ಲಿ ಪಿಸುಮಾತು ಹೊತ್ತೊಯ್ಯಲು ಗುಮ್ಮಟದ ಗೋಡೆ ಇದೆ. ಇಲ್ಲಿ ಮೇಲೆ ಬರೀ ಆಕಾಶ. ಇದು ಕೇಳಿಸುವುದು ಜನ ಕಡಿಮೆ ಇರುವ ಬೆಳಗಿನ ಹೊತ್ತಿನಲ್ಲಿ ಮಾತ್ರ. ಶಾಲಾ ಮಕ್ಕಳ ಬಸ್ಸು ಬಂದ ಮೇಲೆ ಎಷ್ಟು ಕಾದರೂ ವ್ಯರ್ಥ. ಜಗದೀಶ್ವರ ಗುಡಿಯ ಬಾಗಿಲ ಬಳಿ ಒಂದು ಮೆಟ್ಟಿಲ ಮೇಲೆ ಗಡ ಕಟ್ಟಿಸಿದ ಹಿರೋಜಿ ಇಂದುಲಕರರ ಹೆಸರು ಕೆತ್ತಿದೆ, ‘ಸೇವೆಗೆ ಸದಾ ಸಿದ್ಧ’ ಎಂಬ ಅರ್ಥದ ಸಾಲು. ದರ್ಶನಕ್ಕೆ ಬಂದವರ ಪಾದ ತಾಕುವ ಜಾಗದಲ್ಲಿದೆ, ಬಗ್ಗಿ ನೋಡದಿದ್ದರೆ ದಾಟಿಹೋಗುತ್ತೀರಿ. ಗೈಡುಗಳು ಮರಾಠಿಯಲ್ಲೋ ಹಿಂದಿಯಲ್ಲೋ ಹೇಳುತ್ತಾರೆ. ಬೈಲಹೊಂಗಲ, ರಾಮದುರ್ಗ ಕಡೆಯವರಿಗಾಗಿ ಕನ್ನಡದಲ್ಲಿ ತಿಳಿಸುವವರೊಬ್ಬರು ಪಕ್ಕದಲ್ಲಿರಲಿ.

ನೀರು ತಲೆಗೆ ಒಂದೂವರೆ ಲೀಟರ್. ಬುತ್ತಿಗೆ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಒಳ್ಳೆಯದು, ಕೆಡುವುದಿಲ್ಲ. ಮೇಲೆ ಗಡದ ನಿವಾಸಿಗಳ ಗುಡಿಸಲುಗಳಲ್ಲಿ ಪಿಠಲೆ, ಅಕ್ಕಿ ಭಾಕರಿ, ಮಜ್ಜಿಗೆ ಸಿಗುತ್ತದೆ. ಕಡಲೆಹಿಟ್ಟಿನ ಈ ಪಿಠಲೆ ನಮ್ಮ ಝುಣಕಕ್ಕಿಂತ ತೆಳು. ಹೋಗುವಾಗಲೇ ಹೇಳಿಟ್ಟರೆ ಹಿಂತಿರುಗುವ ಹೊತ್ತಿಗೆ ಬಿಸಿಯಾಗಿ ತಟ್ಟಿಕೊಡುತ್ತಾರೆ.

ವಾಪಸ್ ಟಿಕೆಟ್ ಒಬ್ಬರ ಕೈಯಲ್ಲಿ ಒಟ್ಟಿಗಿರಲಿ, ಆ ದಿನದ ಕೊನೆಯ ಸರದಿ ಎಷ್ಟಕ್ಕೆ ಎಂದು ಹತ್ತುವ ಮೊದಲೇ ಕೇಳಿಕೊಳ್ಳಿ. ಗಾಳಿ ಹೆಚ್ಚಾಗಿ ರೋಪ್‌ವೇ ನಿಂತರೆ ಹಿರಿಯರನ್ನು ಮೆಟ್ಟಿಲಿಗೆ ಇಳಿಸಬೇಡಿ. 1,400ಕ್ಕೂ ಹೆಚ್ಚು ಮೆಟ್ಟಿಲುಗಳು, ಇಳಿಯುವಾಗ ಮೊಣಕಾಲಿನ ಮೇಲೆ ಬೀಳುವ ಭಾರ ಹತ್ತುವಾಗಿನದಕ್ಕಿಂತ ಹೆಚ್ಚು. ಮೇಲಿನ ನಿಲ್ದಾಣದ ಬಳಿ ಕಾಯುವುದೇ ಸರಿ. ಎರಡು ತಾಸಿನ ಬಿಡುವು ಇಟ್ಟುಕೊಂಡು ಒಂದಕ್ಕೇ ಇಳಿಯಬೇಕೆನ್ನುವುದು ಈ ಕಾಯುವಿಕೆಗಾಗಿ.

ಇಳಿದ ಮೇಲೆ ಪಾಚಾಡದಲ್ಲಿ ಗಾಡಿ ನಿಲ್ಲಿಸಿ. ಶಿವಾಜಿ ಮಹಾರಾಜರ ತಾಯಿ ಜೀಜಾಬಾಯಿಯವರ ವಾಡೆ ಮತ್ತು ಸಮಾಧಿ ಅಲ್ಲಿವೆ. ಮುಪ್ಪಿನಲ್ಲಿ ಗಡದ ಮೇಲಿನ ಗಾಳಿ ತಾಯಿಗೆ ಒಗ್ಗದೆಂದು ಮಹಾರಾಜರು ಬುಡದಲ್ಲೇ ಮನೆ ಕಟ್ಟಿಸಿಕೊಟ್ಟರು ಎನ್ನುತ್ತಾರೆ. ಪಟ್ಟಾಭಿಷೇಕವಾಗಿ ಹನ್ನೊಂದೇ ದಿನಕ್ಕೆ ಜೀಜಾಬಾಯಿ ತೀರಿಕೊಂಡರು. ನೆಲ ಸಮತಟ್ಟು, ಮರದ ನೆರಳಿದೆ. ಗುಂಪಿನಲ್ಲಿ ಮೇಲೆ ಬರಲಾಗದ ಅಜ್ಜಿಯರು ಇದ್ದರೆ ಅವರನ್ನು ಬೆಳಿಗ್ಗೆಯೇ ಇಲ್ಲಿ ಒಬ್ಬರ ಜತೆ ಬಿಟ್ಟು ಹೋಗಬಹುದು.