ರೇಡಿಯೇಶನ್ ಶುರು ಆಗುವ ಮೊದ್ಲೇ ಕಿವಿ ಟೆಸ್ಟ್ ಮಾಡಿಸಿ

ಬಾಯಿ, ಗಂಟಲು, ಮೂಗಿನ ಹಿಂಭಾಗ, ಕಿವಿ ಕೆಳಗಿನ ಗ್ರಂಥಿ, ಇಲ್ಲೆಲ್ಲ ಕ್ಯಾನ್ಸರ್ ಆಗಿ ರೇಡಿಯೇಶನ್ ಬೇಕು ಅಂತ ಡಾಕ್ಟ್ರು ಹೇಳಿದ್ರೆ ಮನೆಯವ್ರೆಲ್ಲ ಊಟ ನುಂಗ್ಲಿಕ್ಕೆ ಆಗ್ತದಾ, ಬಾಯಿ ಹುಣ್ಣಾಗ್ತದಾ ಅಂತ ಕೇಳ್ತಾರೆ, ಕಿವಿ ವಿಷಯ ಯಾರಿಗೂ ನೆನಪಾಗುದಿಲ್ಲ. ಆದ್ರೆ ಈ ರೇಡಿಯೇಶನ್‌ನಿಂದ ಕಿವಿ ಕೇಳುದು ಕಮ್ಮಿಯಾಗುದೂ ಉಂಟು. ಹಾಗಾಗಿ ಮೊದ್ಲ ಸಿಟ್ಟಿಂಗ್‌ಗೆ ಮುಂಚೆಯೇ ಒಂದು ಆಡಿಯೋಗ್ರಾಮ್, ಅಂದ್ರೆ ಎಷ್ಟು ಕೇಳ್ತದೆ ಅಂತ ನೋಡುವ ಟೆಸ್ಟ್, ಮಾಡಿಸಿ ಫೈಲಲ್ಲಿ ಇಡಿ ಮಾರಾಯ್ರೆ, ಇದಿಲ್ಲದಿದ್ರೆ ಆಮೇಲೆ ಎಷ್ಟು ಹೋಯ್ತು, ಪ್ರಾಯದಿಂದ ಮೊದ್ಲೇ ಎಷ್ಟು ಹೋಗಿತ್ತು ಅಂತ ಗೊತ್ತಾಗುದೇ ಇಲ್ಲ. ಮಂಗ್ಳೂರಲ್ಲಿ ಫಾದರ್ ಮುಲ್ಲರ್, ಕೆಎಂಸಿ ಇಲ್ಲೆಲ್ಲ ಆಡಿಯಾಲಜಿ ವಿಭಾಗವೇ ಉಂಟು, ಟೆಸ್ಟಿಗೆ ನೋವು ಎಂತದೂ ಇಲ್ಲ.

ರೇಡಿಯೇಶನ್ ಡಾಕ್ಟ್ರ ಹತ್ರ ಎರಡು ಪ್ರಶ್ನೆ ಕೇಳಿ. ಒಳಕಿವಿಗೆ ಅಂದ್ರೆ ಕಾಕ್ಲಿಯಾಕ್ಕೆ ಎಷ್ಟು ಡೋಸ್ ಬೀಳ್ತದೆ? ಸರಾಸರಿ 45 ಗ್ರೇ (ರೇಡಿಯೇಶನ್ ಡೋಸ್ ಅಳೆಯುವ ಲೆಕ್ಕ) ಒಳಗೆ ಇಡ್ಲಿಕ್ಕೆ ನೋಡ್ತಾರೆ, ಗಡ್ಡೆ ಅಲ್ಲೇ ಹತ್ರ ಇದ್ರೆ ಕೆಲವೊಮ್ಮೆ ಆಗುದಿಲ್ಲ. ಒಟ್ಟಿಗೆ ಸಿಸ್‌ಪ್ಲಾಟಿನ್ ಕೀಮೋ ಉಂಟಾ? ಅದೂ ಒಳಕಿವಿಯ ಸೂಕ್ಷ್ಮ ಕೋಶಕ್ಕೆ ಪೆಟ್ಟು ಕೊಡುವ ಮದ್ದು, ಎರಡೂ ಸೇರಿದ್ರೆ ರಿಸ್ಕ್ ಜಾಸ್ತಿ, ಹಾಗಾಗಿ ಕೀಮೋ ನಡುವೆಯೂ ಟೆಸ್ಟ್ ಕೇಳಿ.

ಕೇಳುದು ಕಮ್ಮಿಯಾಗುದರಲ್ಲಿ ಎರಡು ಥರ ಉಂಟು, ಇದು ಗೊತ್ತಿದ್ರೆ ಅರ್ಧ ಭಯ ಕಮ್ಮಿ. ಒಂದು, ಕಡಲಲ್ಲಿ ಮುಳುಗಿ ಎದ್ದ ಮೇಲೆ ಕಿವಿಯೊಳಗೆ ನೀರು ನಿಂತ ಹಾಗೆ ಕಟ್ಟಿದಂತೆ ಆಗುದು. ಮೂಗಿಂದ ಕಿವಿಗೆ ಹೋಗುವ ನಾಳ ಊದಿ ಒಳಗೆ ನೀರು ಸೇರ್ತದೆ, ಇಲ್ಲಾಂದ್ರೆ ಗುಗ್ಗೆ ಒಣಗಿ ಗಟ್ಟಿಯಾಗ್ತದೆ. ಇದಕ್ಕೆ ಉಪಾಯ ಉಂಟು, ಆದ್ರೆ ಕಿವಿ ಪರದೆಗೆ ಟ್ಯೂಬ್ ಹಾಕ್ಲಿಕ್ಕೆ ಹೇಳಿದ್ರೆ, ರೇಡಿಯೇಶನ್ ಆದ ಕಿವಿ ಆಮೇಲೆ ಸೋರ್ಲಿಕ್ಕೆ ಶುರುವಾಗುವುದುಂಟು, ಅದನ್ನು ಕೇಳ್ಕೊಂಡೇ ಒಪ್ಪಿ. ಇನ್ನೊಂದು ಒಳಕಿವಿಯದ್ದು. ಟ್ರೀಟ್‌ಮೆಂಟ್ ಮುಗಿದು ತಿಂಗಳುಗಟ್ಲೆ, ಕೆಲವರಿಗೆ ವರ್ಷಗಟ್ಲೆ ಆದ್ಮೇಲೆ ಮೆಲ್ಲ ಬರ್ತದೆ. ಮೊದ್ಲು ಹೋಗುದು ಮೇಲಿನ ಸ್ವರ: ಮಕ್ಳ ಮಾತು, ಸ, ಶ, ಚ ಅಕ್ಷರ. ಕೇಳ್ತದೆ, ಆದ್ರೆ ಎಂತ ಹೇಳಿದ್ದು ಗೊತ್ತಾಗುದಿಲ್ಲ. ಕಿವಿಯೊಳಗೆ ಗುಂಯ್ ಅನ್ನುದೂ ಉಂಟು. ಹೋದದ್ದು ಸಾಮಾನ್ಯವಾಗಿ ವಾಪಸ್ ಬರುದಿಲ್ಲ. ಆದ್ರೆ ಒಂದೆರಡು ದಿನದಲ್ಲಿ ಸಡನ್ನಾಗಿ ಹೋದ್ರೆ ಕಾಯ್ಬೇಡಿ, ಅದೇ ದಿನ ಇಎನ್‌ಟಿಗೆ ಹೋಗಿ.

ಮನೆಯಲ್ಲಿ ಕಿವಿಗೆ ಎಣ್ಣೆ ಬಿಡುದು, ಬಡ್ಸ್ ಹಾಕುದು ಖಂಡಿತ ಬೇಡ, ಅಲ್ಲಿನ ಚರ್ಮ ಮೊದ್ಲೇ ಒಣಗಿ ಸೂಕ್ಷ್ಮ ಆಗಿರ್ತದೆ. ಯಕ್ಷಗಾನ ಆಟಕ್ಕೆ ಹೋದ್ರೆ ಚೆಂಡೆಯಿಂದ, ಭೂತದ ನೇಮಕ್ಕೆ ಹೋದ್ರೆ ಗರ್ನಾಲು ಪಟಾಕಿಯಿಂದ ದೂರ ಕೂತ್ಕೊಳ್ಳಿ, ಇಯರ್‌ಪ್ಲಗ್ ಇಟ್ಕೊಳ್ಳಿ. ಜ್ವರ ಅಂತ ಬೇರೆ ಡಾಕ್ಟ್ರ ಹತ್ರ ಹೋದಾಗ ಈ ಫೈಲ್ ತೋರಿಸಿ, ಜೆಂಟಾಮೈಸಿನ್, ಅಮಿಕಾಸಿನ್ ಅನ್ನುವ ಆ್ಯಂಟಿಬಯೋಟಿಕ್ ಇಂಜೆಕ್ಷನ್ ಕೂಡ ಕಿವಿಗೆ ಕಷ್ಟ.

ಹಿಯರಿಂಗ್ ಏಡ್ ಹೇಳಿದ್ರೆ ನಾಚಿಕೆ ಪಟ್ಟು ಮುಂದೂಡ್ಬೇಡಿ, ಟ್ರಯಲ್ ಕೇಳಿ. ದಿನಾ ಮಾತಾಡುವ ಮನೆಯವ್ರೊಬ್ರನ್ನು ಜೊತೆಗೆ ಕರ್ಕೊಂಡು ಹೋಗಿ, ಅವ್ರ ಸ್ವರ ಕೇಳ್ಕೊಂಡೇ ಸೆಟ್ಟಿಂಗ್ ಮಾಡ್ಸಿ. ಮನೆಯವ್ರು ಬೊಬ್ಬೆ ಹೊಡೀಬೇಡಿ, ಮುಖ ನೋಡಿ ನಿಧಾನ ಮಾತಾಡಿ, ಟಿವಿ ಸೌಂಡ್ ಕಮ್ಮಿ ಮಾಡಿ. ಕ್ಯಾನ್ಸರ್ ಚೆಕಪ್‌ಗೆ ಹೋದಾಗೆಲ್ಲ ಕಿವಿ ಟೆಸ್ಟೂ ಯಾವಾಗ ಅಂತ ಕೇಳಿ, ಕೆಲವು ವರ್ಷದವರೆಗೆ ಈ ಟೆಸ್ಟ್ ನಿಲ್ಲಿಸ್ಬೇಡಿ.