ಮಡಿಕೆ, ಓರೆ, ಬಿಡುವು: ಹಳೆ ಉಡುಪಿನ ಚೆಂದ ಹೊಸ ಬಟ್ಟೆಗೆ

ಎಂಬತ್ತು ತೊಂಬತ್ತು ವರ್ಷದ ಹಿಂದೆ ಯಾರೋ ಮನಸ್ಸಿಟ್ಟು ಹೊಲಿದ ಬ್ಲೌಸ್ ಕೈಗೆ ಸಿಕ್ಕರೆ ಮೊದಲು ಅದನ್ನು ಉಲ್ಟಾ ಮಾಡಿ ನೋಡಿ. ಹೊರಗೆ ಎಷ್ಟು ಚೆಂದವೋ ಒಳಗೂ ಅಷ್ಟೇ ಅಚ್ಚುಕಟ್ಟು. ಎಳೆ ಬಿಟ್ಟ ಅಂಚು ಎಲ್ಲೂ ಕಾಣುವುದಿಲ್ಲ. ಈಗ ಹೊರಮೈಗೆ ಬನ್ನಿ. ಎದೆಯ ಮೇಲೆ ಕಡ್ಡಿಯಷ್ಟು ತೆಳುವಾದ ಮಡಿಕೆಗಳು. ಬೆನ್ನಿಗೆ ಸಾಲು ಗುಂಡಿ, ಒಂದೊಂದಕ್ಕೂ ಬಟ್ಟೆಯದೇ ಲೂಪ್. ತೋಳಿನ ಅಂಚಿಗೆ ಚಿಪ್ಪಿನಂಥ ಸಣ್ಣ ಅಲೆ. ಇದ್ಯಾವುದೂ ಬೇರೆ ಕಡೆಯಿಂದ ತಂದು ಅಂಟಿಸಿದ್ದಲ್ಲ. ಅದೇ ಬಟ್ಟೆಯನ್ನು ಮಡಿಸಿ, ಓರೆಯಾಗಿ ಕತ್ತರಿಸಿ, ನಡುವೆ ಬಿಡುವು ಕೊಟ್ಟು ಮಾಡಿದ್ದು.

ಅದಕ್ಕೆ ಕಾರಣವೂ ಇದೆ. ಆಗಿನ ಮನೆ ಮಷಿನ್‌ಗೆ ನೇರ ಹೊಲಿಗೆ ಬಿಟ್ಟು ಬೇರೆ ಬರುತ್ತಿರಲಿಲ್ಲ. ಮನೆಗಳಲ್ಲಿ ಜಿಗ್‌ಜಾಗ್ ಮಾಮೂಲಾಗಿದ್ದು ಎರಡನೇ ಮಹಾಯುದ್ಧ ಮುಗಿದ ಮೇಲೆ. ಅಂಚಿನ ಎಳೆ ಬಿಡದಂತೆ ದಾರ ಸುತ್ತಿ ಹೊಲಿಯುವ ಓವರ್‌ಲಾಕ್ ಮಷಿನ್ ಮನೆಗೆ ಬಂದಿದ್ದು ಇನ್ನೂ ತಡವಾಗಿ. ಹಾಗಾಗಿ ಎಳೆ ಬಿಡುವ ಅಂಚನ್ನು ಹೊಲಿಗೆಯೊಳಗೇ ಮುಚ್ಚಬೇಕಿತ್ತು. ಅಲಂಕಾರಕ್ಕೂ ನೇರ ಹೊಲಿಗೆ ಮತ್ತು ಕೈಸೂಜಿಯೇ ಗತಿ. ನಮಗೆ ಇದರಿಂದ ಅನುಕೂಲವೇ ಆಯಿತು. ನಿಮ್ಮ ಮಷಿನ್ ಎಷ್ಟೇ ಹಳೆಯದಿರಲಿ, ನೇರ ಹೊಲಿಗೆ ಸರಿಯಾಗಿ ಬಿದ್ದರೆ ಇಲ್ಲಿ ಹೇಳುವ ಎಲ್ಲವನ್ನೂ ಮಾಡಬಹುದು.

ಶುರು ಮಾಡಲು ತೆಳು ಹತ್ತಿ ಬಟ್ಟೆ ಒಳ್ಳೆಯದು. ವಾಯಿಲ್, ಕ್ಯಾಂಬ್ರಿಕ್ ಅಥವಾ ತೆಳು ಲಿನನ್ ಆಗಬಹುದು. ಇಸ್ತ್ರಿ ಹಾಕಿದರೆ ಮಡಿಕೆ ನಿಲ್ಲುವ ಬಟ್ಟೆ ಬೇಕು, ಅಷ್ಟೇ. ಸಿಂಥೆಟಿಕ್ ಬಟ್ಟೆ ಇಸ್ತ್ರಿಗೆ ಬಗ್ಗುವುದಿಲ್ಲ, ಮೊದಲ ಸಲಕ್ಕೆ ಬೇಡ. ಕತ್ತರಿಸುವ ಮುಂಚೆ ಬಟ್ಟೆ ಒಗೆದು, ಒಣಗಿಸಿ, ಇಸ್ತ್ರಿ ಮಾಡಿ. ಹೊಲಿದ ಮೇಲೆ ಬಟ್ಟೆ ಕುಗ್ಗಿ ದಾರ ಕುಗ್ಗದಿದ್ದರೆ ಮಡಿಕೆಗಳೆಲ್ಲ ಸುಕ್ಕುಗಟ್ಟುತ್ತವೆ. 70ರ ಸೂಜಿ, ತೆಳು ದಾರ, 2 ಮಿಲಿಮೀಟರ್ ಉದ್ದದ ಹೊಲಿಗೆ. ಇಷ್ಟಕ್ಕೆ ಮಷಿನ್ ಸಿದ್ಧ.

ಪಿನ್‌ಟಕ್: ಮೊದಲು ಮಡಿಕೆ, ಆಮೇಲೆ ಕತ್ತರಿ

ಪಿನ್‌ಟಕ್ ಅಂದರೆ ಎದೆಯ ಮೇಲೆ ನೋಡಿದೆವಲ್ಲ, ಆ ತೆಳು ಮಡಿಕೆಗಳೇ. ನನ್ನ ಮೊದಲ ಪಿನ್‌ಟಕ್ ಬ್ಲೌಸ್ ಹಾಳಾಗಿದ್ದು ಕೆಲಸದ ಕ್ರಮ ತಪ್ಪಿ. ಮುಂಭಾಗವನ್ನು ಅಳತೆಗೆ ಕತ್ತರಿಸಿ, ಆಮೇಲೆ ಅದರ ಮೇಲೆ ಹತ್ತು ಮಡಿಕೆ ಹೊಲಿದೆ. ಒಂದೊಂದು ಮಡಿಕೆಯೂ ಚೆನ್ನಾಗಿಯೇ ಬಂತು. ಆದರೆ 6 ಸೆಂಟಿಮೀಟರ್ ಬಟ್ಟೆ ಮಡಿಕೆಯೊಳಗೆ ಹೋಗಿಬಿಟ್ಟಿತ್ತು. ಪಕ್ಕದ ಹೊಲಿಗೆ ಹಾಕಲು ಹೋದರೆ ಮುಂಭಾಗ ಹಿಂಭಾಗ ಸೇರಲೇ ಇಲ್ಲ. ಅವತ್ತಿನಿಂದ ಒಂದು ಅಭ್ಯಾಸ ಮಾಡಿಕೊಂಡಿದ್ದೇನೆ. ಅಗಲವಾದ ಬಟ್ಟೆ ತಗೊಂಡು ಎಲ್ಲ ಮಡಿಕೆ ಹೊಲಿದು, ಇಸ್ತ್ರಿ ಮಾಡಿ, ಅದರ ಮೇಲೆ ಅಳತೆಯ ಕಾಗದ ಇಟ್ಟು ಕತ್ತರಿಸುತ್ತೇನೆ.

ಲೆಕ್ಕ ಸುಲಭ. 3 ಮಿಲಿಮೀಟರ್ ಅಗಲದ ಮಡಿಕೆ ಅದರ ಎರಡರಷ್ಟು, ಅಂದರೆ 6 ಮಿಲಿಮೀಟರ್ ಬಟ್ಟೆ ತಿನ್ನುತ್ತದೆ. ಹೊಲಿದ ಮೇಲೆ ಒಂದು ಹೊಲಿಗೆ ಸಾಲಿನಿಂದ ಇನ್ನೊಂದಕ್ಕೆ 1 ಸೆಂಟಿಮೀಟರ್ ಅಂತರ ಬೇಕು ಅಂತಿಟ್ಟುಕೊಳ್ಳಿ. ಹಾಗಾದರೆ ಬಿಡಿಸಿಟ್ಟ ಬಟ್ಟೆಯ ಮೇಲೆ ಮಡಿಸುವ ಗೆರೆಗಳ ನಡುವೆ 1.6 ಸೆಂಟಿಮೀಟರ್ ಇರಬೇಕು. ಎಷ್ಟು ಮಡಿಕೆಯೋ ಅಷ್ಟು ಸಲ 6 ಮಿಲಿಮೀಟರ್ ಕೂಡಿಸಿ, ಅಷ್ಟು ಅಗಲದ ಬಟ್ಟೆ ಜಾಸ್ತಿ ತಗೊಳ್ಳಿ.

ಗೆರೆ ಹಾಕುವುದು ಹೇಗೆ? ಸೀಮೆಸುಣ್ಣ ಮತ್ತು ಸ್ಕೇಲ್ ಸಾಕು ಅನ್ನಿಸುತ್ತದೆ, ಆದರೆ ಸೀಮೆಸುಣ್ಣದ ಗೆರೆಯೇ ಒಂದು ಮಿಲಿಮೀಟರ್ ದಪ್ಪ. ನಾನು ಎಳೆ ಎಳೆಯುತ್ತೇನೆ. ಬಟ್ಟೆಯ ಅಂಚಿನಲ್ಲಿ ಸೂಜಿಯ ತುದಿಯಿಂದ ಹಾಸಿನ, ಅಂದರೆ ಉದ್ದಕ್ಕೆ ಸಾಗುವ, ಒಂದೇ ಒಂದು ಎಳೆ ಎತ್ತಿ, ಮೆಲ್ಲಗೆ ಎಳೆಯಿರಿ. ಬಟ್ಟೆ ಆ ಎಳೆಯುದ್ದಕ್ಕೂ ಸಣ್ಣಗೆ ಸುಕ್ಕಾಗುತ್ತದೆ. ಸುಕ್ಕನ್ನು ಬೆರಳಿನಿಂದ ನೀವುತ್ತಾ ಹೋಗಿ. ಎಳೆ ಪೂರ್ತಿ ಹೊರಬಂದರೆ ಅದಿದ್ದ ಜಾಗದಲ್ಲಿ ಕೂದಲಿನಷ್ಟು ತೆಳುವಾದ ಗೆರೆ ಉಳಿಯುತ್ತದೆ. ಬೆಳಕಿಗೆ ಹಿಡಿದರೆ ಸ್ಪಷ್ಟವಾಗಿ ಕಾಣುತ್ತದೆ. ನಡುವೆ ತುಂಡಾದರೆ ತುಂಡಾದ ಕಡೆಯಿಂದ ಮತ್ತೆ ಎತ್ತಿಕೊಳ್ಳಿ. ಇದಕ್ಕೆ ಸಮಯ ಹಿಡಿಯುತ್ತದೆ ನಿಜ, ಆದರೆ ಇಷ್ಟು ನೇರವಾದ ಗೆರೆಯನ್ನು ಯಾವ ಸ್ಕೇಲೂ ಕೊಡುವುದಿಲ್ಲ. ಬಟ್ಟೆ ಆ ಗೆರೆಯ ಮೇಲೆ ತಾನಾಗಿ ಮಡಚಿಕೊಳ್ಳುತ್ತದೆ.

ಒಳಮೈಗಳು ಒಂದಕ್ಕೊಂದು ತಾಗುವಂತೆ ಮಡಿಸಿ ಇಸ್ತ್ರಿ ಒತ್ತಿ. ಮಡಿಕೆಯ ತುದಿಯಿಂದ 3 ಮಿಲಿಮೀಟರ್ ಒಳಗೆ ಹೊಲಿಯಿರಿ. ಹೊಲಿಯುವಾಗ ಸೂಜಿಯನ್ನು ನೋಡಬೇಡಿ, ಮಡಿಕೆಯ ತುದಿ ಮಷಿನ್‌ನ ಪಾದದ (ಬಟ್ಟೆಯನ್ನು ಒತ್ತಿಹಿಡಿಯುವ ಭಾಗ) ಯಾವ ಜಾಗಕ್ಕೆ ತಾಗುತ್ತದೋ ಅಲ್ಲಿಗೇ ಕಣ್ಣು ನೆಡಿ. ಒಂದು ಹೊಲಿದ ಮೇಲೆ ಇನ್ನೊಂದು. ಎಲ್ಲವನ್ನೂ ಮೊದಲೇ ಮಡಿಸಿಟ್ಟುಕೊಂಡರೆ ಗೊಂದಲವಾಗುತ್ತದೆ. ಕೊನೆಗೆ ಮಡಿಕೆಗಳನ್ನು ಒಂದು ಬದಿಗೆ ಮಲಗಿಸಿ. ಬ್ಲೌಸ್‌ನ ಮುಂಭಾಗವಾದರೆ ನಡುವಿನಿಂದ ಎರಡೂ ಪಕ್ಕಕ್ಕೆ ಮಲಗಿಸಿದರೆ ಚೆಂದ. ಹೊರಮೈ ಕೆಳಗೆ ಮಾಡಿ, ದಪ್ಪ ಟವೆಲ್ ಮೇಲಿಟ್ಟು ಇಸ್ತ್ರಿ ಮಾಡಿ. ಗಟ್ಟಿ ಹಲಗೆಯ ಮೇಲೆ ಒತ್ತಿದರೆ ಮಡಿಕೆ ಚಪ್ಪಟೆಯಾಗಿ ಜೀವ ಕಳೆದುಕೊಳ್ಳುತ್ತದೆ.

ಮಡಿಕೆಗೆ ಅಲಂಕಾರದಾಚೆಗೂ ಕೆಲಸವಿದೆ. ಭುಜದಿಂದ ಹತ್ತು ಹನ್ನೆರಡು ಸೆಂಟಿಮೀಟರ್ ಹೊಲಿದು ಅಲ್ಲಿಗೇ ಬಿಟ್ಟರೆ, ಅದರ ಕೆಳಗೆ ಬಟ್ಟೆ ಬಿಚ್ಚಿಕೊಂಡು ಎದೆಯ ಹತ್ತಿರ ಸಡಿಲ ಸಿಗುತ್ತದೆ. ಮೈಯ ಆಕಾರಕ್ಕೆ ಕೂರಿಸಲು ಮೊನಚಾಗಿ ಮಡಿಸಿ ಹೊಲಿಯುವ ಡಾರ್ಟ್ ಹಾಕುವ ಅಗತ್ಯವೇ ಬೀಳದಿರಬಹುದು. ಹೀಗೆ ಅರ್ಧಕ್ಕೆ ನಿಲ್ಲಿಸುವ ಕಡೆ ಮಷಿನ್‌ನಲ್ಲಿ ಹಿಂದೆ ಮುಂದೆ ಹೊಲಿಯಬೇಡಿ, ಗಂಟು ಎದ್ದು ಕಾಣುತ್ತದೆ. ದಾರ ಉದ್ದ ಬಿಟ್ಟು, ಒಳಮೈಗೆ ಎಳೆದು, ಕೈಯಲ್ಲಿ ಗಂಟು ಹಾಕಿ. ಹಿಂದೆ ಮಕ್ಕಳ ಫ್ರಾಕಿನ ಕೆಳಭಾಗಕ್ಕೆ ಎರಡು ಮೂರು ಅಗಲ ಮಡಿಕೆ ಹಾಕುತ್ತಿದ್ದರು. ಮಗು ಉದ್ದವಾದಂತೆ ಒಂದೊಂದೇ ಬಿಚ್ಚಿ ಫ್ರಾಕನ್ನೂ ಉದ್ದ ಮಾಡುತ್ತಿದ್ದರು. ಇವತ್ತಿಗೂ ಮಕ್ಕಳ ಬಟ್ಟೆಗೆ ಇದಕ್ಕಿಂತ ಒಳ್ಳೆಯ ಉಪಾಯ ನನಗೆ ಗೊತ್ತಿಲ್ಲ.

ಓರೆ ಪಟ್ಟಿಯಿಂದ ಗುಂಡಿಯ ಲೂಪ್

ಬಟ್ಟೆಯನ್ನು ಹಾಸಿನ ಕಡೆಗೆ ಎಳೆಯಿರಿ, ಬಗ್ಗುವುದಿಲ್ಲ. ಅಡ್ಡಕ್ಕೆ ಸಾಗುವ ಹೊಕ್ಕಿನ ಕಡೆಗೂ ಅಷ್ಟೇ. ಎರಡರ ನಡುವೆ 45 ಡಿಗ್ರಿ ಓರೆಗೆ ಎಳೆದರೆ ರಬ್ಬರಿನಂತೆ ಹಿಗ್ಗುತ್ತದೆ. 1920 ಮತ್ತು 30ರ ದಶಕದಲ್ಲಿ ಪ್ಯಾರಿಸ್‌ನ ಉಡುಪು ವಿನ್ಯಾಸಕಿ ಮ್ಯಾಡ್ಲೀನ್ ವಿಯೊನೆ ಈ ಒಂದು ಗುಣವನ್ನು ನಂಬಿ ಇಡೀ ಉಡುಪುಗಳನ್ನೇ ಓರೆಯಾಗಿ ಕತ್ತರಿಸಿದರು. ಸಣ್ಣ ಮರದ ಗೊಂಬೆಯ ಮೇಲೆ ಬಟ್ಟೆ ಇಳಿಬಿಟ್ಟು ವಿನ್ಯಾಸ ಮಾಡುತ್ತಿದ್ದರು. ನೀವೂ ಓರೆ ಕಟ್ಟಿನ ಸ್ಕರ್ಟ್ ಹೊಲಿಯುವುದಾದರೆ ಕೆಳಗಿನ ಅಂಚು ಮಡಿಸುವ ಮುಂಚೆ ಒಂದು ದಿನ ಪೂರ್ತಿ ನೇತುಹಾಕಿ. ಬಟ್ಟೆ ತನ್ನ ಭಾರಕ್ಕೆ ಇಳಿಯುವಷ್ಟು ಇಳಿಯಲಿ, ಆಮೇಲೆ ಸಮ ಮಾಡಿ.

ಟೈಲರ್‌ಗಳು ಕ್ರಾಸ್ ಪೀಸ್ ಎನ್ನುವ ಓರೆ ಪಟ್ಟಿಯಿಂದ ಶುರು ಮಾಡುವುದೇ ಸುಲಭ. ಜಿಪ್ ಬರುವ ಮುಂಚಿನ ಉಡುಪುಗಳ ಬೆನ್ನು ಮತ್ತು ಮುಂಗೈಯಲ್ಲಿ ಕಾಣುವ ಆ ಸಾಲು ಲೂಪ್‌ಗಳು ಇದರಿಂದಲೇ ಆಗುವುದು.

ಬಟ್ಟೆಯ ಒಂದು ಮೂಲೆ ಹಿಡಿದು, ಉದ್ದದ ಅಂಚು ಅಗಲದ ಅಂಚಿನ ಮೇಲೆ ಕೂರುವಂತೆ ಮಡಿಸಿ. ಆ ಮಡಿಕೆಯೇ ಸರಿಯಾದ ಓರೆ. ಅದಕ್ಕೆ ಸಮನಾಗಿ 2.5 ಸೆಂಟಿಮೀಟರ್ ಅಗಲದ ಪಟ್ಟಿ ಕತ್ತರಿಸಿ. ಹೊರಮೈ ಒಳಗೆ ಬರುವಂತೆ ಉದ್ದಕ್ಕೆ ಮಡಿಸಿ, ಮಡಿಕೆಯಿಂದ 5 ಮಿಲಿಮೀಟರ್‌ಗೆ ಹೊಲಿಯಿರಿ. ಹೊಲಿಯುವಾಗ ಪಟ್ಟಿಯನ್ನು ಸ್ವಲ್ಪ ಎಳೆದು ಹಿಡಿದಿರಬೇಕು. ಇಲ್ಲದಿದ್ದರೆ ಆಮೇಲೆ ಎಳೆದಾಗ ಬಟ್ಟೆ ಹಿಗ್ಗುತ್ತದೆ, ದಾರ ಪಟ್ ಅಂತ ಹರಿಯುತ್ತದೆ. ಶುರುವಿನ ತುದಿಯಲ್ಲಿ ಮಾತ್ರ ಹೊಲಿಗೆಯನ್ನು ಆಲಿಕೆಯ ಬಾಯಿಯಂತೆ ಸ್ವಲ್ಪ ಅಗಲ ಮಾಡಿ. ಉಳಿದ ಅಂಚನ್ನು 5 ಮಿಲಿಮೀಟರ್‌ಗೆ ಕತ್ತರಿಸಿ. ಅದನ್ನು ಇನ್ನೂ ಸಣ್ಣ ಮಾಡಬೇಡಿ, ಲೂಪ್‌ನ ಒಳಗೆ ತುಂಬಿಕೊಂಡು ಅದನ್ನು ಗುಂಡಗೆ ಇಡುವುದೇ ಆ ಅಂಚು.

ಈಗ ಮೊಂಡು ತುದಿಯ ದಪ್ಪ ಸೂಜಿಗೆ ಗಟ್ಟಿ ದಾರ ಪೋಣಿಸಿ, ಪಟ್ಟಿಯ ಅಗಲ ಬಾಯಿಗೆ ಬಿಗಿಯಾಗಿ ಹೊಲಿಯಿರಿ. ಸೂಜಿಯ ಕಣ್ಣಿನ ಭಾಗವನ್ನು ಮುಂದೆ ಮಾಡಿ ಕೊಳವೆಯೊಳಗೆ ತೂರಿಸಿ. ಮೊದಲ ಒಂದು ಸೆಂಟಿಮೀಟರ್ ತಿರುಗಿಸುವುದೇ ಕಷ್ಟ. ಒಂದು ಕೈಯಿಂದ ದಾರ ಎಳೆಯುತ್ತಾ, ಇನ್ನೊಂದು ಕೈಯ ಉಗುರಿನಿಂದ ಬಟ್ಟೆಯನ್ನು ಒಳಕ್ಕೆ ದೂಡುತ್ತಾ ಇರಿ. ಅದು ಒಳಗೆ ಹೋದ ಮೇಲೆ ಉಳಿದದ್ದೆಲ್ಲ ಸರ್ರನೆ ತಿರುಗಿ ಬರುತ್ತದೆ. ಬಂದ ಪಟ್ಟಿಯನ್ನು ಒದ್ದೆ ಮಾಡಿ, ಎಳೆದು, ಎರಡೂ ತುದಿಗೆ ಪಿನ್ ಚುಚ್ಚಿ ಒಣಗಲು ಬಿಡಿ. ಒಣಗಿದಾಗ ಅದು ತೆಳ್ಳಗೆ, ನೇರವಾಗಿ, ಹುರಿಯಂತೆ ಗಟ್ಟಿಯಾಗಿರುತ್ತದೆ.

ಲೂಪ್‌ಗಳೆಲ್ಲ ಒಂದೇ ಅಳತೆಗೆ ಬರಲು ಕಾಗದ ಬೇಕು. ಕಾಗದದ ಮೇಲೆ ಎರಡು ಉದ್ದ ಗೆರೆ ಹಾಕಿ. ಒಂದು ಹೊಲಿಗೆಯ ಗೆರೆ, ಇನ್ನೊಂದು ಲೂಪ್‌ನ ತುದಿ ಮುಟ್ಟಬೇಕಾದ ಗೆರೆ. ಗುಂಡಿಯನ್ನು ಇಟ್ಟು ನೋಡಿ ಅಂತರ ತೀರ್ಮಾನಿಸಿ. ಪಟ್ಟಿಯ ತುಂಡುಗಳನ್ನು ಗೆರೆಗೆ ಸರಿಯಾಗಿ ಬಗ್ಗಿಸಿ, ಕಾಗದಕ್ಕೇ ಉದ್ದ ಹೊಲಿಗೆ ಹಾಕಿ. ಆ ಕಾಗದವನ್ನು ಉಡುಪಿನ ಅಂಚಿನ ಮೇಲಿಡಿ, ಲೂಪ್‌ಗಳು ಉಡುಪಿನ ಒಳಭಾಗದ ಕಡೆಗೆ ಮುಖ ಮಾಡಿರಲಿ. ಹೊಲಿದು, ಕಾಗದ ಹರಿದು ತೆಗೆಯಿರಿ. ಮೇಲೆ ಫೇಸಿಂಗ್ ಪಟ್ಟಿ (ಅಂಚನ್ನು ಒಳಗಿನಿಂದ ಮುಚ್ಚುವ ಬಟ್ಟೆ) ಇಟ್ಟು ಹೊಲಿದು ತಿರುಗಿಸಿದರೆ ಲೂಪ್‌ಗಳು ಹೊರಗೆ ಸಾಲಾಗಿ ನಿಂತಿರುತ್ತವೆ.

ನಡುವೆ ಬಿಡುವು

ಎರಡು ತುಂಡು ಬಟ್ಟೆ ಒಂದನ್ನೊಂದು ಮುಟ್ಟದೆ, ಬರೀ ದಾರದಿಂದ ಸೇರಿರುವುದನ್ನು ನೋಡಿದ್ದೀರಾ? ಇದನ್ನು ಫ್ಯಾಗಟಿಂಗ್ ಎನ್ನುತ್ತಾರೆ. ಕಾಲರ್, ತೋಳಿನ ತುದಿ, ಪರದೆಯ ಅಡ್ಡಪಟ್ಟಿ ಎಲ್ಲಿಗೂ ಒಪ್ಪುತ್ತದೆ. ಎರಡೂ ಅಂಚುಗಳನ್ನು ಮೊದಲು ಸಣ್ಣಗೆ ಮಡಿಸಿ ಹೊಲಿದು ಮುಗಿಸಿ. ಗಟ್ಟಿ ಕಾಗದದ ಮೇಲೆ 5 ಮಿಲಿಮೀಟರ್ ಅಂತರದಲ್ಲಿ ಎರಡು ಗೆರೆ ಎಳೆದು, ಅಂಚುಗಳನ್ನು ಗೆರೆಗೆ ಸರಿಯಾಗಿ ಇಟ್ಟು ಕಚ್ಚಾ ಹೊಲಿಗೆ ಹಾಕಿ. ಕಸೂತಿಯ ದಪ್ಪ ದಾರ ತಗೊಳ್ಳಿ. ಒಂದು ಅಂಚಿನಲ್ಲಿ ಕೆಳಗಿನಿಂದ ಮೇಲಕ್ಕೆ ಸೂಜಿ ತೆಗೆದು, ಈಗಷ್ಟೇ ಹಾಕಿದ ದಾರದ ಕೆಳಗೆ ದಾಟಿಸಿ, ಎದುರು ಅಂಚಿಗೆ ಓರೆಯಾಗಿ ಹೋಗಿ. ಅಲ್ಲಿಂದ ಮತ್ತೆ ಈಚೆ. ಪ್ರತಿ ಹೊಲಿಗೆಗೂ 4 ಮಿಲಿಮೀಟರ್ ಮುಂದೆ ಸಾಗಿ. ದಾರವನ್ನು ಬಿಗಿಯಾಗಿ ಎಳೆಯಬೇಡಿ, ಕಾಗದ ಬಗ್ಗಿದರೆ ಬಿಗಿ ಜಾಸ್ತಿಯಾಯಿತು ಅಂತ ತಿಳಿಯಿರಿ.

ಇನ್ನು ಚಿಪ್ಪಿನ ಅಂಚು. 6 ಮಿಲಿಮೀಟರ್ ಮಡಿಕೆ ಮಾಡಿ, ಒಂದು ಸೆಂಟಿಮೀಟರ್ ಕಚ್ಚಾ ಹೊಲಿಗೆ ಹಾಕಿ, ದಾರವನ್ನು ಅಂಚಿನ ಮೇಲಿಂದ ಎರಡು ಸಲ ಸುತ್ತಿ ಬಿಗಿಯಿರಿ. ಮತ್ತೆ ಒಂದು ಸೆಂಟಿಮೀಟರ್, ಮತ್ತೆ ಎರಡು ಸುತ್ತು. ಮೃದುವಾದ ಬಟ್ಟೆಗೆ ಮಾತ್ರ. ಬ್ರಿಟನ್‌ನಲ್ಲಿ 1941ರ ಜೂನ್‌ನಿಂದ 1949ರ ಮಾರ್ಚ್‌ವರೆಗೆ ಬಟ್ಟೆಗೆ ರೇಷನ್ ಇತ್ತು. ಅಂಥ ದಿನಗಳಲ್ಲಿ ಲೇಸ್ ಇಲ್ಲದೆಯೇ ಅಂಚಿಗೆ ಚೆಂದ ತರುವ ಇಂಥ ಕೈಕೆಲಸಕ್ಕೆ ಎಷ್ಟು ಬೆಲೆಯಿತ್ತು ಅಂತ ಊಹಿಸಬಹುದು, ಅಲ್ವಾ?

ಒಳಗೂ ಅಚ್ಚುಕಟ್ಟು

ತೆಳು ಬಟ್ಟೆಯಲ್ಲಿ ಒಳಗಿನ ಹೊಲಿಗೆ ಹೊರಗೆ ಕಾಣುತ್ತದೆ. ಅದಕ್ಕೇ ಫ್ರೆಂಚ್ ಸೀಮ್. ಮಾರ್ಜಿನ್, ಅಂದರೆ ಹೊಲಿಗೆಯ ಆಚೆ ಬಿಡುವ ಬಟ್ಟೆ, 1.5 ಸೆಂಟಿಮೀಟರ್ ಇರಲಿ. ಮೊದಲು ಒಳಮೈಗಳನ್ನು ಒಂದಕ್ಕೊಂದು ತಾಗಿಸಿ 6 ಮಿಲಿಮೀಟರ್‌ಗೆ ಹೊಲಿಯಿರಿ. ಹೊಸಬರಿಗೆ ಇದು ತಪ್ಪು ಅನ್ನಿಸುತ್ತದೆ, ತಪ್ಪಲ್ಲ. ಅಂಚನ್ನು 3 ಮಿಲಿಮೀಟರ್‌ಗೆ ಕತ್ತರಿಸಿ, ಇಸ್ತ್ರಿ ಮಾಡಿ, ತಿರುಗಿಸಿ. ಈಗ ಹೊರಮೈಗಳು ತಾಗುವಂತೆ ಇಟ್ಟು 9 ಮಿಲಿಮೀಟರ್‌ಗೆ ಇನ್ನೊಂದು ಹೊಲಿಗೆ. ಎಳೆಯೆಲ್ಲ ಒಳಗೆ ಸೇರಿಹೋಗುತ್ತದೆ. ದಪ್ಪ ಬಟ್ಟೆಗೆ ಇದು ಬೇಡ, ಗಟ್ಟಿ ಉಬ್ಬು ಬರುತ್ತದೆ. ಅಲ್ಲಿ ಅಂಚಿಗೆ ಓರೆ ಪಟ್ಟಿ ಸುತ್ತಿ ಹೊಲಿಯಿರಿ.

ಕೈ ಪಳಗಲು ಒಂದು ದಿಂಬಿನ ಕವರ್

ಮೈಗೆ ಸರಿಹೊಂದಿಸುವ ಚಿಂತೆಯಿಲ್ಲದೆ ಇದನ್ನೆಲ್ಲ ಕಲಿಯಲು ದಿಂಬಿನ ಕವರ್‌ನಷ್ಟು ಒಳ್ಳೆಯದು ಬೇರೆ ಇಲ್ಲ. 40 ಸೆಂಟಿಮೀಟರ್ ಚೌಕದ ದಿಂಬು ಅಂದುಕೊಳ್ಳಿ. ಮಾರ್ಜಿನ್ ಸೇರಿ ಮುಂಭಾಗಕ್ಕೆ 43 ಸೆಂಟಿಮೀಟರ್ ಚೌಕ ಬೇಕು. ನಡುವೆ 15 ಮಡಿಕೆ ಹಾಕಿದರೆ 9 ಸೆಂಟಿಮೀಟರ್ ಅದಕ್ಕೇ ಹೋಗುತ್ತದೆ. ಆದ್ದರಿಂದ 55 ಅಗಲ, 46 ಉದ್ದದ ಬಟ್ಟೆ ತಗೊಳ್ಳಿ. ಸರಿಯಾಗಿ ನಡುವಿನ ಎಳೆ ಎಳೆದು, ಅದರ ಎರಡೂ ಬದಿಗೆ 1.6 ಸೆಂಟಿಮೀಟರ್‌ಗೊಂದರಂತೆ ಏಳೇಳು ಗೆರೆ ಮಾಡಿ. ಹೊಲಿದು ಇಸ್ತ್ರಿ ಮಾಡಿದ ಮೇಲೆ ನಡುವಿನ ಮಡಿಕೆಯಿಂದ ಅಳೆದು 43ರ ಚೌಕ ಕತ್ತರಿಸಿ.

ಹಿಂಭಾಗಕ್ಕೆ ಎರಡು ತುಂಡು, ಎರಡೂ 43 ಉದ್ದ. ಲೂಪ್ ಬರುವ ತುಂಡು 23 ಅಗಲ, ಗುಂಡಿ ಬರುವ ತುಂಡು 28.5 ಅಗಲ. ಎರಡನೆಯದು ಜಾಸ್ತಿ ಅಗಲವಿರುವುದು ಲೂಪ್‌ಗಳ ಅಡಿಗೆ 4 ಸೆಂಟಿಮೀಟರ್ ಚಾಚಿಕೊಂಡಿರಲು, ಮತ್ತು ಅದರ ಅಂಚನ್ನು ಒಂದೂವರೆ ಸೆಂಟಿಮೀಟರ್‌ನಂತೆ ಎರಡು ಸಲ ಮಡಿಸಲು. ಐದು ಲೂಪ್ ಸಾಕು. ದಿಂಬಿನ ತುದಿಯಿಂದ 6 ಸೆಂಟಿಮೀಟರ್ ಬಿಟ್ಟು ಮೊದಲನೆಯದು, ಆಮೇಲೆ 7 ಸೆಂಟಿಮೀಟರ್‌ಗೊಂದು. ಎರಡು ತುಂಡುಗಳನ್ನೂ ಒಂದರ ಮೇಲೊಂದು ಜೋಡಿಸಿ ಕಚ್ಚಾ ಹೊಲಿಗೆ ಹಾಕಿಕೊಂಡು, ಮುಂಭಾಗಕ್ಕೆ ಸುತ್ತಲೂ ಫ್ರೆಂಚ್ ಸೀಮ್‌ನಲ್ಲಿ ಸೇರಿಸಿ. ಮೂಲೆಗಳಲ್ಲಿ ಮೊದಲ ಹೊಲಿಗೆಯ ನಂತರ ತುದಿಯನ್ನು ಓರೆಯಾಗಿ ಕತ್ತರಿಸಿದರೆ ತಿರುಗಿಸಿದಾಗ ಚೂಪಾಗಿ ನಿಲ್ಲುತ್ತದೆ.

ಗುಂಡಿ ಹೊಲಿಯುವುದು ಕೊನೆಯಲ್ಲಿ. ಕಚ್ಚಾ ಹೊಲಿಗೆ ಬಿಚ್ಚಿ, ಕವರ್‌ನೊಳಗೆ ದಿಂಬು ತುಂಬಿ, ಪ್ರತಿ ಲೂಪ್ ತಾನಾಗಿ ಎಲ್ಲಿಗೆ ತಲುಪುತ್ತದೋ ಅಲ್ಲಿ ಪಿನ್ ಚುಚ್ಚಿ ಗುರುತು ಮಾಡಿ. ದಿಂಬು ಹೊರಗೆ ತೆಗೆದು ಆ ಗುರುತುಗಳ ಮೇಲೆ ಗುಂಡಿ ಕೂರಿಸಿ. ಒಗೆಯುವಾಗ ಗುಂಡಿ ಬಿಚ್ಚಿಯೇ ಒಗೆಯಿರಿ, ವಾಷಿಂಗ್ ಮಷಿನ್‌ನಲ್ಲಿ ಗುಂಡಿ ಹಾಕಿಕೊಂಡೇ ಬಿಟ್ಟರೆ ಲೂಪ್ ಎಳೆದು ಉದ್ದವಾಗುತ್ತದೆ. ಸ್ವಲ್ಪ ತೇವ ಇರುವಾಗಲೇ ತೆಗೆದು, ಟವೆಲ್ ಮೇಲೆ ಮಗುಚಿ ಹಾಕಿ ಇಸ್ತ್ರಿ ಮಾಡಿ. ಮಡಿಕೆಗಳು ಮೊದಲ ದಿನದಂತೆಯೇ ಎದ್ದು ನಿಲ್ಲುತ್ತವೆ.