ಎಲ್ಲಿ ಬೀಳುತ್ತಾನೆ, ಯಾಕೆ ಬೀಳುತ್ತಾನೆ

ಬೆಂಗಳೂರಿನಲ್ಲಿ ಕೃತಕ ಗೋಡೆಯ ಮೇಲೆ ಹುಡುಗ ಹುಡುಗಿಯರಿಗೆ ಶಿಲಾರೋಹಣ ಕಲಿಸುವುದು ನನ್ನ ಕೆಲಸ. ಮಳೆಗೆ ಗೋಡೆ ಒದ್ದೆಯಾದ ಸಂಜೆಗಳಲ್ಲಿ ಜಪಾನಿನ ‘ಸಾಸುಕೆ’ ಎಂಬ ಅಡೆತಡೆ ದಾಟುವ ಟಿವಿ ಸ್ಪರ್ಧೆಯನ್ನೋ ಅದನ್ನು ನೋಡಿ ಹುಟ್ಟಿದ ‘ಅಮೆರಿಕನ್ ನಿಂಜಾ ವಾರಿಯರ್’ ಅನ್ನೋ ಒಟ್ಟಿಗೆ ಕೂತು ನೋಡುತ್ತೇವೆ. ಸ್ಪರ್ಧಿ ಹೊರಡುವ ಮೊದಲು ವಿಡಿಯೊ ನಿಲ್ಲಿಸುತ್ತೇನೆ. ಎಲ್ಲರೂ ಒಂದು ಸಾಲು ಬರೆಯಬೇಕು: ಈತ ಯಾವ ಅಡೆತಡೆಯಲ್ಲಿ ಬೀಳುತ್ತಾನೆ, ಯಾಕೆ. ‘ಗೆಲ್ಲುತ್ತಾನೆ’ ಎಂದಷ್ಟೇ ಬರೆದವರಿಗೆ ಅಂಕವಿಲ್ಲ.

ಬೀಳುವುದನ್ನೇ ಮೊದಲು ಎಣಿಸುವುದಕ್ಕೆ ಕಾರಣವಿದೆ. ಸಾಸುಕೆ 1997ರಲ್ಲಿ ಶುರುವಾಯಿತು. ಸಾಮಾನ್ಯವಾಗಿ ಪ್ರತಿ ಸಲ ನೂರು ಮಂದಿ ಇಳಿಯುತ್ತಾರೆ. 2020ರವರೆಗೆ ನಾಲ್ಕೂ ಹಂತ ಮುಗಿಸಿದವರು ನಾಲ್ವರೇ: 1999ರಲ್ಲಿ ಕಜುಹಿಕೊ ಅಕಿಯಾಮ, 2006ರಲ್ಲಿ ಮಕೊಟೊ ನಗಾನೊ, 2010 ಮತ್ತು 2011ರಲ್ಲಿ ಯೂಜಿ ಉರುಶಿಹಾರ, 2015 ಮತ್ತು 2020ರಲ್ಲಿ ಯೂಸುಕೆ ಮೊರಿಮೊಟೊ. ಒಬ್ಬರು ಏಡಿ ಹಿಡಿಯುತ್ತಿದ್ದವರು, ಒಬ್ಬರು ಮೀನುಗಾರ, ಒಬ್ಬರು ಚಪ್ಪಲಿ ಬೂಟು ಮಾರುತ್ತಿದ್ದವರು, ಕೊನೆಯವರು ಮೊದಲ ಸಲ ಗೆದ್ದಾಗ ಇನ್ನೂ ವಿದ್ಯಾರ್ಥಿ. ಬಿರುದು, ಪದಕ, ಎದೆಯ ಅಗಲ ಇವುಗಳನ್ನು ನೋಡಿ ಊಹಿಸುವವನಿಗೆ ಈ ಪಟ್ಟಿಯಿಂದ ಏನೂ ದಕ್ಕುವುದಿಲ್ಲ.

ನಾನು ಮೊದಲು ನೋಡುವುದು ಮನುಷ್ಯನನ್ನಲ್ಲ, ದಾರಿಯನ್ನು. ಅಡೆತಡೆಗಳನ್ನು ಸಾಲಾಗಿ ಬರೆದು ಪ್ರತಿಯೊಂದರ ಮುಂದೆ ‘ಕಾಲು’, ‘ಕೈ’ ಅಥವಾ ‘ಎರಡೂ’ ಎಂದು ಗುರುತು ಹಾಕುತ್ತೇನೆ. ಆಮೇಲೆ ಕೈಗೆ ಕೈ ಅಂಟಿಕೊಂಡ ಜಾಗ ಹುಡುಕುತ್ತೇನೆ. ಎರಡು ತೂಗಾಟಗಳ ನಡುವೆ ಕಾಲೂರುವ ಜಾಗವಿಲ್ಲದಿದ್ದರೆ ಬಹುಪಾಲು ಸ್ಪರ್ಧಿಗಳ ಕಥೆ ಅಲ್ಲೇ ಮುಗಿಯುತ್ತದೆ. ಮುಷ್ಟಿ ಬಿಗಿಹಿಡಿದಾಗ ಮುಂಗೈಯ ಸ್ನಾಯುಗಳು ತಮ್ಮೊಳಗಿನ ರಕ್ತನಾಳಗಳನ್ನೇ ಒತ್ತುತ್ತವೆ. ರಕ್ತ ಸರಿಯಾಗಿ ಹರಿಯದೆ ಸ್ನಾಯು ಬೇಗ ದಣಿಯುತ್ತದೆ, ಮುಂಗೈ ಊದಿ ಕಲ್ಲಾಗುತ್ತದೆ. ಗೋಡೆ ಹತ್ತುವವರು ಇದನ್ನು ‘ಪಂಪ್’ ಎನ್ನುತ್ತಾರೆ. ಒಮ್ಮೆ ಪಂಪ್ ಆದರೆ ಛಲ ಎಷ್ಟಿದ್ದರೂ ಬೆರಳು ತಾನಾಗಿ ಬಿಚ್ಚಿಕೊಳ್ಳುತ್ತದೆ. ಹೀಗಾಗಿ ಒಂಬತ್ತನೆಯ ಅಡೆತಡೆಯನ್ನು ಈತ ಬಿಡಿಯಾಗಿ ದಾಟಬಲ್ಲನೇ ಎಂಬುದು ನನಗೆ ಮುಖ್ಯವಲ್ಲ. ಏಳು ಮತ್ತು ಎಂಟನ್ನು ದಾಟಿ ಅಲ್ಲಿಗೆ ಬಂದಾಗ ಮುಂಗೈಯಲ್ಲಿ ಎಷ್ಟು ಉಳಿದಿರುತ್ತದೆ ಎಂಬುದೇ ಲೆಕ್ಕ.

ಇನ್ನು ಮನುಷ್ಯ. ತೂಕ ಗೊತ್ತಾದರೆ ಅರ್ಧ ಕೆಲಸ ಮುಗಿಯಿತು. ದೇಹ ಎಲ್ಲ ಕಡೆಯೂ ಒಂದೇ ಸಮ ದೊಡ್ಡದಾದರೆ ತೂಕ ಏರುವಷ್ಟು ವೇಗದಲ್ಲಿ ಬಲ ಏರುವುದಿಲ್ಲ, ಏಕೆಂದರೆ ಬಲ ಸ್ನಾಯುವಿನ ದಪ್ಪವನ್ನು ಅವಲಂಬಿಸಿದೆ, ತೂಕ ಇಡೀ ಗಾತ್ರವನ್ನು. ನೆಲದ ಮೇಲೆ ಎದುರಾಳಿಯನ್ನು ನೂಕುವಾಗ ಇದು ಕಾಣುವುದಿಲ್ಲ, ನೇತಾಡುವಾಗ ಕಾಣುತ್ತದೆ. ನಮ್ಮಲ್ಲಿಗೆ ಕಬಡ್ಡಿ ಆಡುವ ಒಬ್ಬ ಹುಡುಗ, ಹಗ್ಗದ ಮಲ್ಲಕಂಬ ಮಾಡುವ ಇನ್ನೊಬ್ಬ ಒಟ್ಟಿಗೆ ಬರುತ್ತಿದ್ದರು. ಕಬಡ್ಡಿಯವನ ತೋಳು ನೋಡಿ ಉಳಿದ ಮಕ್ಕಳೆಲ್ಲ ಅವನ ಪಕ್ಷ. ಇಬ್ಬರನ್ನೂ ಸರಳಿಗೆ ನೇತುಹಾಕಿದೆ. ಮೊದಲ ಸಲ ದೊಡ್ಡ ವ್ಯತ್ಯಾಸವೇನೂ ಕಾಣಲಿಲ್ಲ. ಒಂದು ನಿಮಿಷದ ವಿಶ್ರಾಂತಿ ಕೊಟ್ಟು ಮತ್ತೆ ನೇತುಹಾಕಿದಾಗ ಕಬಡ್ಡಿಯವನು ಬೇಗ ಕಳಚಿಕೊಂಡ, ಮಲ್ಲಕಂಬದವನು ಅಲ್ಲೇ ಇದ್ದ. ಈ ಎರಡನೆಯ ನೇತಾಟವೇ ನನ್ನ ಅತಿ ನಂಬಿಕೆಯ ಪರೀಕ್ಷೆ. ಮೊದಲನೆಯದು ಬಲ ತೋರಿಸುತ್ತದೆ, ಎರಡನೆಯದು ಚೇತರಿಕೆ.

ಪರದೆಯ ಮೇಲಿನ ಸ್ಪರ್ಧಿಯನ್ನು ಹೀಗೆ ನೇತುಹಾಕಲು ಆಗುವುದಿಲ್ಲವಲ್ಲ. ಅಲ್ಲಿ ಕಣ್ಣು ಬೇರೆ ಕಡೆ ಇರಬೇಕು. ಮೊದಲ ತೂಗಾಟ ಮುಗಿಸಿ ಕಟ್ಟೆಯ ಮೇಲೆ ನಿಂತಾಗ ಆತ ಏನು ಮಾಡುತ್ತಾನೆ? ಕೈ ಕೆಳಗೆ ಬಿಟ್ಟು ಜಾಡಿಸಿ, ಉಸಿರು ಇಳಿಸಿಕೊಂಡು, ಮುಂದಿನದನ್ನು ನೋಡಿದರೆ ಒಳ್ಳೆಯದು. ಜನರತ್ತ ಮುಷ್ಟಿ ಬಿಗಿದು ಕೂಗುವವನ ಬಗ್ಗೆ ನನಗೆ ಸಂಶಯ; ಆ ಮುಷ್ಟಿಯೂ ಅದೇ ಮುಂಗೈಯ ಖಾತೆಯಿಂದ ಹೋಗುತ್ತದೆ. ಒಂದು ಸರಳಿನಿಂದ ಇನ್ನೊಂದಕ್ಕೆ ಹಾರುವಾಗ ಕೈ ಬಿಡುವ ಗಳಿಗೆಯನ್ನೂ ಗಮನಿಸುತ್ತೇನೆ. ತೂಗಾಟ ಮುಂದಕ್ಕೆ ಏರುತ್ತಿರುವಾಗಲೇ ಬಿಡುವವನಿಗೆ ದೂರ ತಾನಾಗಿ ಸಿಗುತ್ತದೆ. ತುದಿ ಮುಟ್ಟುವವರೆಗೆ ಕಾದವನಿಗೆ ಮುಂದಕ್ಕೆ ಒಯ್ಯುವ ವೇಗ ಉಳಿದಿರುವುದಿಲ್ಲ. ತೋಳು ಚಾಚಿ, ಬೆರಳ ತುದಿಯಲ್ಲಿ ಸರಳು ಹಿಡಿದು, ಅದೇ ದೂರಕ್ಕೆ ದುಪ್ಪಟ್ಟು ಬೆಲೆ ತೆರುತ್ತಾನೆ.

ಸಮಯದ ಮಿತಿ ಇದೆಯೋ ಇಲ್ಲವೋ ಎಂಬುದು ಇಡೀ ಲೆಕ್ಕವನ್ನು ಬದಲಿಸುತ್ತದೆ. ಸಾಸುಕೆಯ ಮೂರನೆಯ ಹಂತ ಬಹುತೇಕ ಪೂರ್ತಿ ಕೈಯ ಮೇಲೆಯೇ, ಆದರೆ ಗಡಿಯಾರವಿಲ್ಲ. ಅಲ್ಲಿ ನಿಧಾನಿ ಗೆಲ್ಲಬಹುದು, ನಿಧಾನವನ್ನು ನಿಂತು ಮಾಡಿದರೆ. ನೇತಾಡುತ್ತಾ ಯೋಚಿಸುವವನು ಹೋದ. ಕೊನೆಯ ಹಗ್ಗಕ್ಕೆ ಮತ್ತೆ ಗಡಿಯಾರ ಬರುತ್ತದೆ. 2006ರಲ್ಲಿ ಗೆಲ್ಲುವ ಮೊದಲು ನಗಾನೊ ಅವರು ಒಮ್ಮೆ ತುದಿಯವರೆಗೂ ಹತ್ತಿ ಕೂದಲೆಳೆಯಷ್ಟು ತಡವಾಗಿ ಗುಂಡಿ ಒತ್ತಿದ್ದರು. ಅಮೆರಿಕದಲ್ಲಿ 2015ರಲ್ಲಿ ಜೆಫ್ ಬ್ರಿಟನ್ ಮತ್ತು ಐಸಾಕ್ ಕಾಲ್ಡಿಯೆರೊ ಇಬ್ಬರೂ 75 ಅಡಿಯ ಹಗ್ಗವನ್ನು 30 ಸೆಕೆಂಡಿನೊಳಗೆ ಹತ್ತಿದರು. ಅಲ್ಲಿ ಅದಕ್ಕೂ ಮೊದಲು ಯಾರೂ ಅದನ್ನು ಮಾಡಿರಲಿಲ್ಲ. ಬ್ರಿಟನ್ 29.65, ಕಾಲ್ಡಿಯೆರೊ 26.14 ಸೆಕೆಂಡು. ಹತ್ತು ಲಕ್ಷ ಡಾಲರ್ ಪೂರ್ತಿಯಾಗಿ ಎರಡನೆಯವರಿಗೇ ಹೋಯಿತು. ಇಬ್ಬರೂ ಬಂಡೆ ಹತ್ತುವವರೇ ಎನ್ನುವಾಗ ನನ್ನ ದನಿ ಸ್ವಲ್ಪ ಏರುತ್ತದೆ ಎಂದು ಹುಡುಗರು ನಗುತ್ತಾರೆ.

ಎತ್ತರದ ವಿಷಯದಲ್ಲಿ ನಾನು ಮಕ್ಕಳಿಗೆ ಮತ್ತೆ ಮತ್ತೆ ತೋರಿಸುವುದು 2014ರ ಅಮೆರಿಕನ್ ಸ್ಪರ್ಧೆಯ ಕೇಸಿ ಕಟಾನ್ಜಾರೊ ಅವರನ್ನು. ಜಿಮ್ನಾಸ್ಟಿಕ್ಸ್‌ನಿಂದ ಬಂದವರು, ಎತ್ತರ ಐದೇ ಅಡಿ. ಡಲ್ಲಾಸ್‌ನಲ್ಲಿ ಬಾಗಿದ ಗೋಡೆಯನ್ನು ಓಡಿ ಹತ್ತಿದರು, ಮುಂದೆ ನಗರದ ಅಂತಿಮ ಸುತ್ತನ್ನೂ ಮುಗಿಸಿದರು. ಎರಡನ್ನೂ ಮಾಡಿದ ಮೊದಲ ಮಹಿಳೆ ಅವರೇ. ಅದೇ ವರ್ಷ ಲಾಸ್ ವೇಗಸ್‌ನಲ್ಲಿ ನಡೆಯುವ ರಾಷ್ಟ್ರೀಯ ಅಂತಿಮ ಸ್ಪರ್ಧೆಯ ಮೊದಲ ಹಂತದಲ್ಲಿ ‘ಜಂಪಿಂಗ್ ಸ್ಪೈಡರ್’ನಲ್ಲಿ ಬಿದ್ದರು. ಅದರಲ್ಲಿ ಪುಟ್ಟ ಟ್ರ್ಯಾಂಪೊಲಿನ್‌ನಿಂದ ಹಾರಿ ಎರಡು ಗೋಡೆಗಳ ನಡುವೆ ಕೈಕಾಲು ಅಗಲಿಸಿ ಸಿಕ್ಕಿಕೊಳ್ಳಬೇಕು. ಹಗುರ ದೇಹ ಹಗ್ಗ, ಸರಳುಗಳಲ್ಲಿ ವರ. ಗೋಡೆಗಳ ನಡುವಿನ ಅಂತರ ಮಾತ್ರ ಯಾರಿಗಾಗಿಯೂ ಕಿರಿದಾಗುವುದಿಲ್ಲ. ಎರಡು ವರ್ಷದ ಮೇಲೆ ಸಾಹಸ ಕಲಾವಿದೆ ಜೆಸ್ಸಿ ಗ್ರಾಫ್ ಆ ಮೊದಲ ಹಂತವನ್ನು ದಾಟಿದ ಮೊದಲ ಮಹಿಳೆಯಾದರು. ಅವರು ಕೇಸಿಗಿಂತ ಸಾಕಷ್ಟು ಎತ್ತರ. ಬಾಗಿದ ಗೋಡೆಗೆ ಎತ್ತರಕ್ಕಿಂತ ಓಟದ ಕೊನೆಯ ಮೂರು ಹೆಜ್ಜೆ ಮುಖ್ಯ: ಹೆಜ್ಜೆ ಚಿಕ್ಕದಾಗಿ ಬಿರುಸಾದರೆ ಕೈ ತುದಿಗೆ ಸಿಗುತ್ತದೆ, ಗೋಡೆ ಕಂಡು ಎದೆ ಹಿಂದಕ್ಕೆ ವಾಲಿದರೆ ಸಿಗುವುದಿಲ್ಲ.

ಸಮತೋಲನದ ಅಡೆತಡೆಗಳ ಬಗ್ಗೆ ನಾನು ಏನನ್ನೂ ಬರೆಯುವುದಿಲ್ಲ, ಮಕ್ಕಳಿಗೂ ಬರೆಯಬೇಡಿ ಎನ್ನುತ್ತೇನೆ. ಉರುಳುವ ದಿಮ್ಮಿ, ಅಲುಗಾಡುವ ಹಲಗೆ ಇವು ಮೂರು ಸೆಕೆಂಡಿನ ವ್ಯವಹಾರ. ಅತಿ ಬಲಿಷ್ಠನೂ ಅಲ್ಲಿ ಜಾರುತ್ತಾನೆ, ಮೊದಲ ಸಲ ಬಂದವನು ದಾಟಿ ಹೋಗುತ್ತಾನೆ. ಅದಕ್ಕೆ ಕಾರಣ ಕಟ್ಟುವುದು ಸುಲಭ, ಬಿದ್ದ ಮೇಲೆ.

ಈಗ ಹುಡುಗರ ತಲೆಯಲ್ಲಿರುವುದು ಆಧುನಿಕ ಪೆಂಟಾಥ್ಲಾನ್, ಕುದುರೆ ಸವಾರಿಯೂ ಸೇರಿದ್ದ ಐದು ಆಟಗಳ ಒಲಿಂಪಿಕ್ ಸ್ಪರ್ಧೆ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಚೀಟಿ ಎತ್ತಿ ಕೊಟ್ಟ ಕುದುರೆ ಜರ್ಮನಿಯ ಸ್ಪರ್ಧಿಗೆ ಓಗೊಡದೆ ದೊಡ್ಡ ರಂಪವಾಯಿತು. 2028ರ ಲಾಸ್ ಏಂಜಲೀಸ್‌ನಲ್ಲಿ ಕುದುರೆ ಸವಾರಿಯ ಜಾಗಕ್ಕೆ ಅಡೆತಡೆ ಓಟ ಬರಲಿದೆ. ಇಬ್ಬರು ಪಕ್ಕಪಕ್ಕದಲ್ಲಿ ಓಡುವ ಈ ಓಟ ಅರ್ಧ ನಿಮಿಷದ ಆಸುಪಾಸಿನಲ್ಲಿ ಮುಗಿಯುತ್ತದೆ. ಮುಂಗೈ ದಣಿಯುವಷ್ಟು ಹೊತ್ತೇ ಇಲ್ಲ, ಹಾಗಾಗಿ ನನ್ನ ಎರಡನೆಯ ನೇತಾಟದ ಪರೀಕ್ಷೆ ಇಲ್ಲಿ ಹೆಚ್ಚು ನಡೆಯದು. ಸದ್ಯಕ್ಕೆ ಹುಡುಗರಿಂದ ಬರೆಸುತ್ತಿರುವುದು ಬೇರೆಯೇ: ಒಂದು ಅಡೆತಡೆಯಿಂದ ಇಳಿದ ಪಾದ ಮುಂದಿನದಕ್ಕೆ ಓಡಲು ಎಷ್ಟು ಹೆಜ್ಜೆ ದಂಡ ಮಾಡುತ್ತದೆ, ಮತ್ತು ಪಕ್ಕದವನು ಮುಂದಾದಾಗ ಈತ ಸರಳನ್ನು ನೋಡುತ್ತಾನೋ ಪಕ್ಕದವನನ್ನೋ.